ಜಲಪ್ರಾಣಿ ಐತಿಹ್ಯಗಳು: ಯಡ್ತರೆಯ ಹೊಳೆಯಿಂದ ಅನಂತಪುರದ ಸರೋವರದವರೆಗೆ

ಕೆರೆ, ಹೊಳೆ, ಸರೋವರ, ಅಳಿವೆ ಅಥವಾ ಕಡಲಿನಲ್ಲಿ ವಿಚಿತ್ರ ಪ್ರಾಣಿಯೊಂದು ನೆಲೆಸಿದೆಯೆಂಬ ನಂಬಿಕೆ, ಅದನ್ನು ಕಂಡೆವೆಂಬ ಹೇಳಿಕೆ, ಅದರ ಸುತ್ತ ಬೆಳೆದ ಕಥೆ ಮತ್ತು ಆಚರಣೆ ಇವೆಲ್ಲ ಜಲಪ್ರಾಣಿ ಐತಿಹ್ಯದ ವ್ಯಾಪ್ತಿಗೆ ಬರುತ್ತವೆ. ಜಗತ್ತಿನಲ್ಲಿ ಹೆಚ್ಚು ಪ್ರಸಿದ್ಧವಾದವು ಉತ್ತರದ ತಣ್ಣನೆಯ ಸರೋವರಗಳ ಕಥೆಗಳು: ಸ್ಕಾಟ್ಲೆಂಡಿನ ಲಾಕ್ ನೆಸ್, ಸ್ವೀಡನ್ನಿನ ಸ್ಟೋರ್‌ಷೋನ್, ಅಮೆರಿಕ ಮತ್ತು ಕೆನಡಾದ ಗಡಿಯ ಷಾಂಪ್ಲೇನ್, ಕೆನಡಾದ ಓಕನಾಗನ್. ಅಲ್ಲಿ ಕಂಡೆವೆಂದವರು ನೂರಾರು ಮಂದಿ, ಪ್ರಾಣಿ ಮಾತ್ರ ಈವರೆಗೆ ಯಾರ ಕೈಗೂ ಸಿಕ್ಕಿಲ್ಲ. ಕರ್ನಾಟಕದ ಕರಾವಳಿ ಮತ್ತು ಅದಕ್ಕೆ ತಾಗಿದ ಕಾಸರಗೋಡಿನ ಸ್ಥಿತಿ ಬೇರೆ. ಇಲ್ಲಿ ಪ್ರಾಣಿ ನಿಜವಾಗಿಯೇ ನೀರಿನಲ್ಲಿತ್ತು. ಜನ ಅದಕ್ಕೆ ಬಲೆ ಬೀಸಲಿಲ್ಲ, ಸಾಕ್ಷ್ಯವನ್ನೂ ಕೇಳಲಿಲ್ಲ. ಹೆಸರಿಟ್ಟು ಕರೆದರು, ದೇವರ ನೈವೇದ್ಯದಲ್ಲಿ ಪಾಲು ಕೊಟ್ಟರು. ಹಾಗೆ ಕೊಟ್ಟದ್ದರಿಂದ ಪ್ರಾಣಿಯೂ ಉಳಿಯಿತು, ಅದಿದ್ದ ನೀರೂ ಉಳಿಯಿತು. ಈ ಭಾಗದ ಐತಿಹ್ಯಗಳಿಗೆ ಇರುವ ನಿಜವಾದ ಬೆಲೆ ಅದು.

ಬೈಂದೂರು ಸೀಮೆಯ ನೀರು

ಯಡ್ತರೆಯು ಉಡುಪಿ ಜಿಲ್ಲೆಯಲ್ಲಿ ಬೈಂದೂರು ಪೇಟೆಗೆ ತಾಗಿಕೊಂಡಿರುವ ಊರು. 2018ರಲ್ಲಿ ಬೈಂದೂರು ತಾಲ್ಲೂಕು ಆಗುವ ಮೊದಲು ಇದು ಕುಂದಾಪುರ ತಾಲ್ಲೂಕಿನಲ್ಲಿತ್ತು. ಈ ಕಡೆ ಘಟ್ಟ ಕಡಲಿಗೆ ತೀರ ಹತ್ತಿರ ಬರುತ್ತದೆ. ಹಾಗಾಗಿ ಹೊಳೆಗಳು ಉದ್ದವಿಲ್ಲ. ಕಾಡಿನಿಂದ ಇಳಿದ ನೀರು ಗದ್ದೆ ಬಯಲನ್ನು ಅವಸರದಲ್ಲಿ ದಾಟಿ ಅಳಿವೆ ಸೇರುತ್ತದೆ. ಬೈಂದೂರಿನ ಸುಮನಾವತಿ ಹೊಳೆ ಪಡುವರಿಯ ಸೋಮೇಶ್ವರದ ಬಳಿ ಕಡಲಿಗೆ ಬೀಳುತ್ತದೆ. ತೆಂಕಕ್ಕೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗುತ್ತವೆ. ನಡುವೆ ತೆಂಗು ತುಂಬಿದ ಕುದ್ರುಗಳು, ಅಂದರೆ ಹೊಳೆಯ ನಡುವಿನ ದ್ವೀಪಗಳು.

ಇಲ್ಲಿ ಮೈಲುಗಟ್ಟಲೆ ಹರಡಿದ ಸರೋವರ ಒಂದೂ ಇಲ್ಲ. ಇರುವುದು ದೇವಸ್ಥಾನದ ಕೆರೆ, ಗದ್ದೆ ಬದಿಯ ಮದಗ, ಹೊಳೆಯ ತಿರುವಿನಲ್ಲಿ ಬೇಸಗೆಗೂ ಬತ್ತದ ಗುಂಡಿ. ಆದರೂ ಕಣ್ಣು ಮೋಸ ಹೋಗಲು ಬೇಕಾದದ್ದೆಲ್ಲ ಇಲ್ಲಿದೆ. ಆಷಾಢದಲ್ಲಿ ನೀರು ಕೆಂಪಾಗಿ, ಬೇರು ಸಮೇತ ಮರಗಳನ್ನು ಹೊತ್ತು ಬರುತ್ತದೆ. ಮಳೆ ನಿಂತ ಮೇಲೆ ಭರತದ ಹೊತ್ತಿಗೆ ಉಪ್ಪುನೀರು ಒಳನಾಡಿನತ್ತ ಏರುತ್ತದೆ, ಅದರ ಜೊತೆಗೆ ಕಡಲಿನ ಜೀವಿಗಳೂ ಏರುತ್ತವೆ. ಗುಂಡಿಯಲ್ಲಿ ಏನೋ ಇದೆ ಎಂಬ ಮಾತಿಗೆ ಪ್ರತಿ ಊರಿನಲ್ಲೂ ಒಂದು ಜಾಗ ಗೊತ್ತುಮಾಡಿಟ್ಟಿರುತ್ತದೆ. “ಗುಂಡಿ ಬದಿಗೆ ಹೋಪುಕಾಗ ಮಕ್ಳೆ” ಎಂದು ಹಿರಿಯರು ಗದರುವಾಗ ಹೆಸರಿಸುವುದು ಕೆಲವೊಮ್ಮೆ ಮೊಸಳೆಯನ್ನು, ಕೆಲವೊಮ್ಮೆ ಕಾಲೆಳೆಯುವ ಯಾವುದೋ ಶಕ್ತಿಯನ್ನು. ಈಜು ಬಾರದ ಮಗುವನ್ನು ಸುಳಿಯಿಂದ ದೂರವಿಡಲು ಇಷ್ಟು ಮಾತು ಸಾಕಿತ್ತು. ಎಷ್ಟೋ ಜಲಪ್ರಾಣಿ ಕಥೆಗಳ ಮೊದಲ ಕೆಲಸ ಇದೇ ಆಗಿತ್ತು.

ಕಂಡದ್ದು ಏನು?

ಹೊಳೆಯಲ್ಲಿ ಸಂಜೆ ಹೊತ್ತು ಕಾಣುವ ಉದ್ದನೆಯ, ಗೂನುಗೂನಾದ ಪ್ರಾಣಿಯ ಹಿಂದೆ ಹೆಚ್ಚಾಗಿ ನೀರುನಾಯಿ ಇರುತ್ತದೆ. ತಾಯಿ ನೀರುನಾಯಿ ಮರಿಗಳೊಂದಿಗೆ ಕುದ್ರುವಿನಿಂದ ದಡಕ್ಕೆ ಸಾಲುಗಟ್ಟಿ ಈಜುತ್ತದೆ. ಒಂದರ ತಲೆ ಮುಳುಗುವಾಗ ಅದರ ಹಿಂದಿನದ್ದರ ಬೆನ್ನು ಏಳುತ್ತದೆ, ಕೊನೆಯದ್ದರ ಬಾಲ ಒಮ್ಮೆ ನೀರು ಬಡಿದು ಮಾಯವಾಗುತ್ತದೆ. ದಡದಲ್ಲಿ ನಿಂತವರಿಗೆ ಇದು ನಾಲ್ಕೈದು ಪ್ರಾಣಿಯಾಗಿ ಕಾಣುವುದಿಲ್ಲ. ಹತ್ತು ಹನ್ನೆರಡು ಅಡಿಯ ಒಂದೇ ಜೀವ ಮೈ ತಿರುಚುತ್ತ ಹೋದಂತೆ ಕಾಣುತ್ತದೆ. ಉತ್ತರದ ಸರೋವರಗಳಲ್ಲಿ ಕಂಡ ಅನೇಕ ‘ಹಾವು’ಗಳಿಗೂ ಇದೇ ವಿವರಣೆಯನ್ನು ಪ್ರಾಣಿಶಾಸ್ತ್ರಜ್ಞರು ಕೊಟ್ಟಿದ್ದಾರೆ. ನೀರುನಾಯಿಗೆ ಬಲೆ ಹರಿಯುವ ಕಳ್ಳನೆಂಬ ಕೆಟ್ಟ ಹೆಸರು ಬೇರೆ ಇರುವುದರಿಂದ, ಅದನ್ನು ಹತ್ತಿರದಿಂದ ನೋಡಿ ಗುರುತಿಸಿದ ಮೀನುಗಾರನಿಗಿಂತ ದೂರದಿಂದ ಕಂಡ ದಾರಿಹೋಕನ ಕಥೆಯೇ ಊರಿನಲ್ಲಿ ಹೆಚ್ಚು ಹರಡುತ್ತದೆ.

ಹೆಬ್ಬಾವು ಚೆನ್ನಾಗಿ ಈಜುತ್ತದೆ. ನೆರೆಯಲ್ಲಿ ಅದು ಬಯಲು ದಾಟುವುದನ್ನು ಕಂಡವರಿಗೆ ಕಥೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ. ಅಳಿವೆಯಲ್ಲಿ ಡಾಲ್ಫಿನ್ ಬರುತ್ತದೆ. ಈ ಕರಾವಳಿಯ ಆಳವಿಲ್ಲದ ನೀರಿನಲ್ಲಿ ಬೆನ್ನಿನ ಮೇಲೆ ದಿಣ್ಣೆಯಿರುವ ಜಾತಿಯ ಡಾಲ್ಫಿನ್ ಸಾಮಾನ್ಯ. ಅದು ಉಸಿರಿಗೆ ಮೇಲೆದ್ದಾಗ ದಿಣ್ಣೆ ಮಾತ್ರ ಕಾಣುತ್ತದೆ. ಬೆನ್ನಿಗೆ ರೆಕ್ಕೆಯೇ ಇಲ್ಲದ ಪಾರ್ಪಸ್ ಇನ್ನೂ ಗೊಂದಲ ಹುಟ್ಟಿಸುವಂಥದ್ದು: ಕಪ್ಪು, ನುಣುಪು, ಗುಂಡಗೆ ಏನೋ ಒಂದು ಎದ್ದು ಮುಳುಗುತ್ತದೆ, ಅಷ್ಟೆ.

ಆಳ ಕಡಲಿನಲ್ಲಿ ತಿಮಿಂಗಿಲಗಳಿವೆ. ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕ್ ಕೂಡ ಅರಬ್ಬೀ ಸಮುದ್ರದಲ್ಲಿದೆ. 12 ಮೀಟರ್ ದಾಟಿ ಬೆಳೆಯುವ, ಮೈತುಂಬ ಬಿಳಿ ಚುಕ್ಕಿಗಳಿರುವ ಈ ಮೀನು ನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿಂದು ಬದುಕುತ್ತದೆ, ಮನುಷ್ಯನಿಗೆ ತೊಂದರೆ ಕೊಡುವುದಿಲ್ಲ. ದೋಣಿಯ ಅಡಿಯಿಂದ ದೋಣಿಗಿಂತ ಉದ್ದನೆಯ ನೆರಳೊಂದು ಹಾದುಹೋದರೆ ಎದೆ ನಡುಗದೆ ಇರುವುದು ಹೇಗೆ? 2001ರಲ್ಲಿ ಇದನ್ನು ಭಾರತದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಕಾಯ್ದೆಯ ಅತ್ಯಂತ ಬಿಗಿಯಾದ ರಕ್ಷಣೆ ಪಡೆದ ಮೊದಲ ಮೀನುಗಳಲ್ಲಿ ಇದೂ ಒಂದು.

ಬೆಳಕಿನ ವಿಷಯ ಬೇರೆಯಾಗಿಯೇ ಹೇಳಬೇಕು. 2020ರ ನವೆಂಬರ್‌ನಲ್ಲಿ ಮಲ್ಪೆ, ಮಟ್ಟು, ಪಡುಕೆರೆ ಮೊದಲಾದ ಕಡಲತೀರಗಳಲ್ಲಿ ರಾತ್ರಿಯ ಅಲೆ ನೀಲಿಯಾಗಿ ಹೊಳೆದಾಗ ಊರಿಗೆ ಊರೇ ನೋಡಲು ಹೋಯಿತು. ಅಲೆ ಒಡೆದಲ್ಲಿ, ಕಾಲಿಟ್ಟಲ್ಲಿ, ನೀರನ್ನು ಬೊಗಸೆಯಲ್ಲಿ ಎತ್ತಿ ಚೆಲ್ಲಿದಲ್ಲಿ ನೀಲಿ ಕಿಡಿ. ಇದಕ್ಕೆ ಕಾರಣ ನಾಕ್ಟಿಲೂಕಾ ಸಿಂಟಿಲ್ಲನ್ಸ್ ಎಂಬ ಏಕಕೋಶ ಜೀವಿ. ನೀರು ಅಲುಗಿದಾಗ ಅದರ ದೇಹದೊಳಗೆ ಲೂಸಿಫೆರಿನ್ ಎಂಬ ದ್ರವ್ಯ ಆಮ್ಲಜನಕದೊಂದಿಗೆ ಬೆರೆತು ಕ್ಷಣಮಾತ್ರ ಬೆಳಕು ಹೊಮ್ಮುತ್ತದೆ. ಪೇಟೆಯವರಿಗೆ ಅದು ಹೊಸ ವಿಸ್ಮಯ. ಅಮಾವಾಸ್ಯೆಯ ಆಸುಪಾಸಿನಲ್ಲಿ ಕತ್ತಲೆಯಲ್ಲೇ ಬಲೆ ಬಿಡುವ ಮೊಗವೀರ, ಖಾರ್ವಿ ಮೀನುಗಾರರಿಗೆ ಅದು ಕಸುಬಿನ ಭಾಗ. ಹೊಳೆಯುವ ನೀರಿನಲ್ಲಿ ಮೀನಿನ ಹಿಂಡು ತಿರುಗಿದ ಜಾಡು ಬೆಳಕಿನ ಗೆರೆಯಾಗಿ ಕಾಣುತ್ತದೆ; ದೊಡ್ಡ ಜೀವವೊಂದು ಹಾದರೆ ಅದರ ಇಡೀ ಆಕಾರವೇ ಒಂದು ಗಳಿಗೆ ಬೆಳಗಿ ಆರುತ್ತದೆ. ಕಡಲಿನಲ್ಲಿ ಬೆಂಕಿಯ ಹಾವು ಕಂಡಿತೆಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆಂದು ತಿಳಿಯಬೇಕಿಲ್ಲ.

ದೈವ, ನಾಗ, ಮಕರ

ಈ ನೀರಿನ ಭಯವನ್ನು ಜನ ಪ್ರಾಣಿಗಿಂತ ಹೆಚ್ಚಾಗಿ ದೈವದ ವಶಕ್ಕೆ ಒಪ್ಪಿಸಿದರು. ಕಡಲತೀರದ ಉದ್ದಕ್ಕೂ ಬೊಬ್ಬರ್ಯನ ಗುಡಿಗಳಿವೆ. ದೈವಗಳ ಕಥೆ ಹಾಡುವ ತುಳು ಪಾಡ್ದನಗಳ ಪ್ರಕಾರ ಬೊಬ್ಬರ್ಯ ಹಡಗಿನ ವ್ಯಾಪಾರಕ್ಕೆ ಸೇರಿದವನು, ಮುಸ್ಲಿಂ ತಂದೆಗೆ ಹುಟ್ಟಿದವನು, ಕಡಲಿನ ಕಾಳಗದಲ್ಲಿ ಮಡಿದು ದೈವವಾದವನು. ಕಡಲಿಗಿಳಿಯುವ ಮೀನುಗಾರ ಅವನಿಗೆ ಕೈಮುಗಿದೇ ಇಳಿಯುತ್ತಾನೆ. ಬನದ ನಾಗನಿಗೂ ನೀರಿಗೂ ಬಿಡದ ನಂಟು. ಕಮಲಶಿಲೆಯಂಥ ಕ್ಷೇತ್ರಗಳಲ್ಲಿ ನಾಗತೀರ್ಥ ಹೊಳೆಯ ಪಕ್ಕದಲ್ಲೇ ಇದೆ. ಶಿಲ್ಪದಲ್ಲಿ ಮೊಸಳೆ ಮಕರವಾಯಿತು. ಆನೆಯ ಸೊಂಡಿಲು, ಮೀನಿನ ಅಥವಾ ನವಿಲಿನ ಬಾಲ ಪಡೆದು ದೇವಸ್ಥಾನದ ತೋರಣ, ಮೆಟ್ಟಿಲು, ಅಭಿಷೇಕದ ನೀರು ಹೊರಬೀಳುವ ಬಾಯಿ ಎಲ್ಲ ಕಡೆ ಬಂದು ಕೂತಿತು. ಗಂಗೆಗೂ ವರುಣನಿಗೂ ಮಕರವೇ ವಾಹನ. ಗಜೇಂದ್ರಮೋಕ್ಷದ ಕಥೆಯಲ್ಲಿ ಆನೆಯ ಕಾಲು ಹಿಡಿದ ಮೊಸಳೆ ಕೂಡ ಕೊನೆಗೆ ಶಾಪ ಕಳೆದು ಗಂಧರ್ವನಾಗುತ್ತದೆ. ನೀರಿನ ಕ್ರೂರ ಪ್ರಾಣಿಗೂ ಬಿಡುಗಡೆಯಿದೆ ಎಂಬ ಈ ತಿಳಿವಳಿಕೆಯನ್ನು ಬಿಟ್ಟು ಅನಂತಪುರದ ದೇವಸ್ಥಾನದ ಸರೋವರದಲ್ಲಿದ್ದ ಮೊಸಳೆಯನ್ನು ಅರ್ಥಮಾಡಿಕೊಳ್ಳಲು ಆಗದು.

ಅನಂತಪುರದ ಬಬಿಯಾ

ಕಾಸರಗೋಡು ಜಿಲ್ಲೆಯ ಕುಂಬಳೆಯ ಹತ್ತಿರ, ಮುರಕಲ್ಲಿನ ಬಯಲಿನಲ್ಲಿ ಅನಂತಪುರದ ಅನಂತಪದ್ಮನಾಭ ದೇವಸ್ಥಾನವಿದೆ. ಕನ್ನಡ, ತುಳು, ಮಲಯಾಳ ಮೂರೂ ಕೇಳಿಬರುವ ಸೀಮೆ ಇದು. ಸುಮಾರು 302 ಅಡಿ ಚೌಕದ ಸರೋವರ. ಅದರ ನಡುವೆ ಗರ್ಭಗುಡಿ. ದಡದಿಂದ ಅಲ್ಲಿಗೆ ಹೋಗಲು ಒಂದು ಕಾಲುಸೇತುವೆ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಎಂಬುದು ಇಲ್ಲಿಯ ನಂಬಿಕೆ. ಇಲ್ಲಿನ ಮೂಲ ವಿಗ್ರಹ ಕಲ್ಲಿನದೂ ಅಲ್ಲ, ಲೋಹದ್ದೂ ಅಲ್ಲ. ಎಪ್ಪತ್ತಕ್ಕೂ ಹೆಚ್ಚು ದ್ರವ್ಯಗಳನ್ನು ಸೇರಿಸಿದ ಕಡುಶರ್ಕರ ಪಾಕದ್ದು. 1972ರಲ್ಲಿ ಅದರ ಜಾಗಕ್ಕೆ ಪಂಚಲೋಹದ ವಿಗ್ರಹ ಬಂತು.

ಸ್ಥಳಪುರಾಣ ಹೀಗಿದೆ. ದಿವಾಕರ ಮುನಿ (ವಿಲ್ವಮಂಗಲ ಸ್ವಾಮಿ) ಇಲ್ಲಿ ತಪಸ್ಸಿನಲ್ಲಿದ್ದಾಗ ತೇಜಸ್ವಿಯಾದ ಬಾಲಕನೊಬ್ಬ ಬಂದು ಸೇವೆಗೆ ನಿಂತ. ತನಗೆ ಅವಮಾನವಾದರೆ ಆ ಕ್ಷಣವೇ ಹೊರಟುಬಿಡುತ್ತೇನೆ ಎಂದು ಮೊದಲೇ ಕರಾರು ಮಾಡಿಕೊಂಡಿದ್ದ. ಒಂದು ದಿನ ಪೂಜೆಯ ಹೊತ್ತಿನಲ್ಲಿ ಅವನ ತುಂಟಾಟ ತಾಳಲಾರದೆ ಮುನಿ ಎಡಗೈಯಿಂದ ದೂಡಿದರು. ನನ್ನನ್ನು ನೋಡಬೇಕೆನಿಸಿದರೆ ಅನಂತನ ಕಾಡಿಗೆ ಬಾ ಎಂದು ಹೇಳಿ ಹುಡುಗ ಒಂದು ಗುಹೆಯೊಳಗೆ ಮಾಯವಾದ. ಮುನಿ ಅರಸುತ್ತ ಹೋಗಿ ತಿರುವನಂತಪುರದಲ್ಲಿ ಶೇಷಶಾಯಿಯನ್ನು ಕಂಡರು. ಸರೋವರದ ಅಂಚಿನ ಗುಹೆಯನ್ನು ಇಂದಿಗೂ ತೋರಿಸುತ್ತಾರೆ. ಅದರ ಕಾವಲಿಗೆ ಸರೋವರದಲ್ಲಿ ಒಂದು ಮೊಸಳೆ. ಒಂದು ಕಾಲ ಮುಗಿಸಿದರೆ ಇನ್ನೊಂದು ತಾನಾಗಿಯೇ ಬರುತ್ತದೆ, ಒಮ್ಮೆಗೆ ಒಂದೇ ಇರುತ್ತದೆ ಎಂಬುದು ನಂಬಿಕೆ.

1945ರಲ್ಲಿ ಬ್ರಿಟಿಷ್ ಸೈನಿಕನೊಬ್ಬ ಆಗಿದ್ದ ಮೊಸಳೆಯನ್ನು ಗುಂಡಿಟ್ಟು ಕೊಂದನೆಂದೂ, ಕೆಲವೇ ದಿನಗಳಲ್ಲಿ ಹಾವು ಕಚ್ಚಿ ಸತ್ತನೆಂದೂ, ಅಷ್ಟರಲ್ಲಿ ಸರೋವರದಲ್ಲಿ ಹೊಸ ಮೊಸಳೆ ಕಾಣಿಸಿಕೊಂಡಿತೆಂದೂ ಊರಿನವರು ಹೇಳುತ್ತ ಬಂದಿದ್ದಾರೆ. ಆ ಹೊಸ ಮೊಸಳೆಯೇ ಬಬಿಯಾ. ಮಧ್ಯಾಹ್ನದ ಪೂಜೆ ಮುಗಿದ ಮೇಲೆ ಅರ್ಚಕರು ನೈವೇದ್ಯದ ಅನ್ನ ತಂದು, ಹೆಸರು ಹಿಡಿದು ಕರೆಯುತ್ತಿದ್ದರು. ಮೊದಲು ನೀರಿನ ಮೇಲೆ ಎರಡು ಕಣ್ಣು, ಮೂಗಿನ ತುದಿ. ಆಮೇಲೆ ಅಲೆಯೇಳಿಸದೆ ಹತ್ತಿರ ಬರುವ ಮೈ. ಬಾಯಿ ತೆರೆದಾಗ ಅನ್ನದ ಉಂಡೆಯನ್ನು ಕೈಯಿಂದಲೇ ಇಡುತ್ತಿದ್ದರು. ಅದೇ ನೀರಿನಲ್ಲಿ ಮೀನುಗಳಿದ್ದವು. ಅದೇ ದಡದಲ್ಲಿ ಭಕ್ತರು ಓಡಾಡುತ್ತಿದ್ದರು. ಬಬಿಯಾ ಯಾರ ಮೇಲೂ ಎರಗಿದ್ದನ್ನು ಜನ ಕಾಣಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಅದು ನೀರು ಬಿಟ್ಟು ಗುಡಿಯ ಅಂಗಳಕ್ಕೆ ಬಂದು ಮಲಗಿದ ಚಿತ್ರ ದೇಶವೆಲ್ಲ ಹರಿದಾಡಿತು.

2022ರ ಅಕ್ಟೋಬರ್ 9ರ ರಾತ್ರಿ ಬಬಿಯಾ ಸತ್ತು ನೀರಿನಲ್ಲಿ ತೇಲುತ್ತಿರುವುದು ಕಂಡುಬಂತು. ವಯಸ್ಸು 75 ದಾಟಿತ್ತೆಂದು ಅಂದಾಜು. ಮರುದಿನ ಸಾವಿರಾರು ಜನ ಬಂದರು. ಹೂವಿನ ಹಾರಗಳ ನಡುವೆ ಇಟ್ಟ ಮೊಸಳೆಗೆ ಕೈಮುಗಿದು, ಮನೆಯ ಹಿರಿಯರೊಬ್ಬರನ್ನು ಕಳಿಸಿಕೊಡುವಂತೆ ಕಣ್ಣೀರಿಟ್ಟರು. ದೇವಸ್ಥಾನದ ಆವರಣದಲ್ಲೇ ಅದನ್ನು ಮಣ್ಣುಮಾಡಲಾಯಿತು. ಒಂದು ವರ್ಷ ಕಳೆದು 2023ರ ನವೆಂಬರ್‌ನಲ್ಲಿ ಅದೇ ಸರೋವರದಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಮೊದಲು ಭಕ್ತರು ಕಂಡರು, ಬಳಿಕ ದೇವಸ್ಥಾನದವರೂ ಖಚಿತಪಡಿಸಿದರು.

ಪ್ರಾಣಿಶಾಸ್ತ್ರದ ದೃಷ್ಟಿಯಲ್ಲಿ ಬಬಿಯಾ ಜವುಗು ಮೊಸಳೆ, ಶಾಸ್ತ್ರೀಯ ಹೆಸರು ಕ್ರೊಕೊಡೈಲಸ್ ಪಾಲುಸ್ಟ್ರಿಸ್. ಭಾರತದ ಒಳನಾಡಿನ ನದಿ ಕೆರೆಗಳ ಮೊಸಳೆ ಇದು. ಮುಖ್ಯ ಆಹಾರ ಮೀನು. ಆಮೆ, ಹಕ್ಕಿ, ಸತ್ತ ಪ್ರಾಣಿಗಳನ್ನೂ ತಿನ್ನುತ್ತದೆ. ತಣ್ಣನೆಯ ರಕ್ತದ ಪ್ರಾಣಿಯಾದ್ದರಿಂದ ಅದರ ಹಸಿವು ನಮ್ಮ ಲೆಕ್ಕದ ಹಸಿವಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಏನೂ ತಿನ್ನದೆ ಇರಬಲ್ಲದು. ಮೊಸಳೆ ಜಾತಿಗಳ ಆಹಾರದ ಬಗ್ಗೆ 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಪರಿಶೀಲಿಸಿದ 18 ಜಾತಿಗಳಲ್ಲಿ 13 ಜಾತಿಗಳು ಹಣ್ಣು, ಬೀಜಗಳನ್ನೂ ತಿನ್ನುತ್ತವೆಂದು ತೋರಿಸಿತು. ಕಾಲಕಾಲಕ್ಕೆ ಸಿಗುವ ಅನ್ನ, ಜೊತೆಗೆ ಕತ್ತಲಲ್ಲಿ ಸಿಕ್ಕ ಮೀನು ಇವೆರಡೂ ಸೇರಿ ಒಂದು ಮೊಸಳೆಯನ್ನು ಸಣ್ಣ ಸರೋವರದಲ್ಲಿ ದಶಕಗಳ ಕಾಲ ನೆಮ್ಮದಿಯಾಗಿ ಇರಿಸಬಲ್ಲವು. ಬಬಿಯಾ ಅನ್ನ ತಿಂದದ್ದು ಸತ್ಯ. ಅನ್ನ ಮಾತ್ರ ತಿಂದಿತು ಎಂಬುದು ಭಕ್ತಿ. ಎರಡನ್ನೂ ಒಟ್ಟಿಗೆ ಹೇಳಿದರೆ ದೇವಸ್ಥಾನಕ್ಕಾಗಲಿ ಮೊಸಳೆಗಾಗಲಿ ಅಗೌರವವಾಗುವುದಿಲ್ಲ. ಹೊಸ ಮೊಸಳೆ ‘ತಾನಾಗಿಯೇ’ ಬರುವ ವಿಷಯದಲ್ಲಿ ತಿಳಿದಿರಬೇಕಾದದ್ದು ಇಷ್ಟು: ಜವುಗು ಮೊಸಳೆ ದಂಡೆಯಲ್ಲಿ ಬಿಲ ಕೊರೆದು ಅಡಗುತ್ತದೆ, ಮಳೆಗಾಲದಲ್ಲಿ ನೆಲದ ಮೇಲೆ ಕಿಲೋಮೀಟರುಗಟ್ಟಲೆ ನಡೆದು ನೀರಿನಿಂದ ನೀರಿಗೆ ಹೋಗುತ್ತದೆ, ನೀರಿನಲ್ಲಿದ್ದರೂ ದಿನಗಟ್ಟಲೆ ಕಣ್ಣಿಗೆ ಬೀಳದೆ ಇರಬಲ್ಲದು.

ಅನಂತಪುರ ಒಂಟಿಯಲ್ಲ. ಗೋವಾದ ಫೋಂಡಾ ಬಳಿಯ ದುರ್ಭಾಟದಲ್ಲಿ ಪುಷ್ಯ ಮಾಸದ ಅಮಾವಾಸ್ಯೆಯಂದು ರೈತರು ಹೊಳೆಯ ಕೆಸರಿನಲ್ಲಿ ಮೊಸಳೆಯ ಆಕೃತಿ ಮಾಡಿ ಪೂಜಿಸುತ್ತಾರೆ. ಗದ್ದೆಯ ಒಡ್ಡು ಕಾಯುವಂತೆ, ಜನರಿಗೆ ತೊಂದರೆ ಮಾಡದಂತೆ ಬೇಡಿಕೊಳ್ಳುತ್ತಾರೆ. ಕರಾಚಿಯ ಮಂಘೋಪೀರ್ ದರ್ಗಾದ ಕೊಳದಲ್ಲಿ ಇದೇ ಜಾತಿಯ ಮೊಸಳೆಗಳು ನೂರಕ್ಕೂ ಹೆಚ್ಚಿದ್ದು, ಅಲ್ಲಿಯ ಶೀದಿ ಸಮುದಾಯ ಮೇಳದ ದಿನ ಹಿರಿಯ ಮೊಸಳೆಗೆ ಹಾರ ಹಾಕುತ್ತದೆ. ಬಾಂಗ್ಲಾದೇಶದ ಬಾಗೇರ್‌ಹಾಟ್‌ನಲ್ಲಿ ಖಾನ್ ಜಹಾನ್ ಅಲಿ ದರ್ಗಾದ ಕೆರೆಯ ಮೊಸಳೆಗಳಿಗೆ ಕಾಲಾಪಹಾಡ್, ಧಲಾಪಹಾಡ್ ಎಂಬ ಹೆಸರು ತಲೆಮಾರುಗಳಿಂದ ನಡೆದುಬಂತು. ಧರ್ಮ ಬೇರೆ, ಭಾಷೆ ಬೇರೆ. ನೀರಿನ ಪ್ರಾಣಿಯನ್ನು ನಡೆಸಿಕೊಂಡ ರೀತಿ ಒಂದೇ.

ದೇವರ ಮೀನು

ಮೊಸಳೆಗೆ ಸಿಕ್ಕ ಆಶ್ರಯ ಮೀನಿಗೆ ಇನ್ನೂ ವಿಶಾಲವಾಗಿ ಸಿಕ್ಕಿತು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿನ ಬಳಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ, ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ಮಹಶೀರ್ ಜಾತಿಯ ಮೀನುಗಳು ಇಂಥ ಮಡುಗಳಲ್ಲಿ ತೋಳಿನುದ್ದ ಬೆಳೆದು, ಮಂಡಕ್ಕಿ ಎಸೆದರೆ ನೀರೇ ಕಾಣದಂತೆ ಮುತ್ತುತ್ತವೆ. 1996ರಲ್ಲಿ ಶಿಶಿಲದ ಮಡುವಿಗೆ ಯಾರೋ ವಿಷ ಹಾಕಿ ಸಾವಿರಾರು ಮೀನುಗಳು ಸತ್ತವು. ಊರಿನವರು ಆ ಮೀನುಗಳಿಗಾಗಿ ಸ್ಮಾರಕ ಕಟ್ಟಿದರು, ಮಡುವನ್ನು ಮತ್ತೆ ಕಾದರು, ಮೀನು ಮತ್ತೆ ತುಂಬಿತು. ಅಣೆಕಟ್ಟು, ಸಿಡಿಮದ್ದು, ಮರಳು ಸಾಗಣೆಯಿಂದ ಮಹಶೀರ್ ಉಳಿದೆಡೆ ಕಡಿಮೆಯಾಗುತ್ತಿರುವಾಗ ಈ ಮತ್ಸ್ಯತೀರ್ಥಗಳು ಅದರ ಕೊನೆಯ ಭದ್ರ ನೆಲೆಗಳಲ್ಲಿ ಸೇರಿವೆ. ಇದನ್ನು ಬರಿಯ ಮೂಢನಂಬಿಕೆಯೆಂದು ಬದಿಗೆ ಸರಿಸುವವರು ಒಮ್ಮೆ ಶಿಶಿಲದ ಮೆಟ್ಟಿಲ ಮೇಲೆ ನಿಂತು ನೋಡಬೇಕು.

ಉತ್ತರದ ಸರೋವರಗಳು

ಲಾಕ್ ನೆಸ್ ಸುಮಾರು 37 ಕಿ.ಮೀ. ಉದ್ದ, 230 ಮೀಟರ್ ಆಳ. ಜೌಗು ಮಣ್ಣಿನಿಂದ ಅದರ ನೀರು ಚಹಾದ ಬಣ್ಣಕ್ಕೆ ತಿರುಗಿರುವುದರಿಂದ ಕೆಲವು ಅಡಿಗಳ ಕೆಳಗೆ ಏನೂ ಕಾಣದು. ಸಂತ ಕೊಲಂಬಾ ನೆಸ್ ನದಿಯಲ್ಲಿ ಮೃಗವೊಂದನ್ನು ಹಿಮ್ಮೆಟ್ಟಿಸಿದ ಕಥೆ 7ನೇ ಶತಮಾನದ ಜೀವನಚರಿತ್ರೆಯಲ್ಲಿದೆ. ಆದರೆ ಇಂದಿನ ‘ನೆಸ್ಸಿ’ ಹುಟ್ಟಿದ್ದು 1933ರಲ್ಲಿ, ಸರೋವರದ ದಂಡೆಗುಂಟ ಹೊಸ ರಸ್ತೆಯಾಗಿ, ಆ ವರ್ಷದ ಮೇ 2ರಂದು ‘ಇನ್ವರ್ನೆಸ್ ಕೂರಿಯರ್’ ಪತ್ರಿಕೆ ದಂಪತಿಯೊಂದು ಕಂಡ ದೃಶ್ಯವನ್ನು ವರದಿ ಮಾಡಿದ ಮೇಲೆ. ಅದೇ ವರ್ಷದ ಕೊನೆಗೆ ದಂಡೆಯಲ್ಲಿ ಸಿಕ್ಕ ಹೆಜ್ಜೆಗುರುತು ಒಣಗಿಸಿದ ನೀರಾನೆಯ ಕಾಲಿನಿಂದ ಒತ್ತಿದ್ದೆಂದು ಬಯಲಾಯಿತು. 1934ರ ಏಪ್ರಿಲ್‌ನಲ್ಲಿ ‘ಡೈಲಿ ಮೇಲ್’ ಪ್ರಕಟಿಸಿದ ಉದ್ದ ಕತ್ತಿನ ಪ್ರಸಿದ್ಧ ಚಿತ್ರ ಆಟಿಕೆಯ ಜಲಾಂತರ್ಗಾಮಿಗೆ ಕತ್ತು ಜೋಡಿಸಿ ತೆಗೆದದ್ದೆಂಬುದು ಹೊರಬರಲು 1994ರವರೆಗೆ ಕಾಯಬೇಕಾಯಿತು. 2003ರಲ್ಲಿ ಬಿಬಿಸಿ 600 ಸೋನಾರ್ ಕಿರಣಗಳಿಂದ ಸರೋವರವನ್ನು ಶೋಧಿಸಿತು, ಏನೂ ಸಿಗಲಿಲ್ಲ. ನ್ಯೂಜಿಲೆಂಡಿನ ವಿಜ್ಞಾನಿ ನೀಲ್ ಗೆಮ್ಮೆಲ್ ತಂಡ 2018ರಲ್ಲಿ ನೀರಿನ ಮಾದರಿಗಳನ್ನು ತೆಗೆದು ಅದರಲ್ಲಿರುವ ಡಿಎನ್‌ಎ ಪರೀಕ್ಷಿಸಿತು. ಮರುವರ್ಷದ ಫಲಿತಾಂಶದಲ್ಲಿ ಸರೀಸೃಪದ ಸುಳಿವಿರಲಿಲ್ಲ; ಹಾವುಮೀನಿನ ಡಿಎನ್‌ಎ ಮಾತ್ರ ಎಲ್ಲೆಲ್ಲೂ ಇತ್ತು.

ಷಾಂಪ್ಲೇನ್ ಸರೋವರದ ‘ಚಾಂಪ್’ಗೆ 1609ರ ಸಾಕ್ಷ್ಯವಿದೆಯೆಂದು ಹೇಳುವುದುಂಟು. ಆದರೆ ಫ್ರೆಂಚ್ ಯಾತ್ರಿಕ ಸಾಮ್ಯುಯೆಲ್ ದ ಷಾಂಪ್ಲೇನ್ ಬರೆದಿಟ್ಟದ್ದು ಉದ್ದ ಮೂತಿಯ, ಗಟ್ಟಿ ಹುರುಪೆಯ ಗಾರ್ ಮೀನಿನ ವಿವರ. ಅದು ಈಗಲೂ ಅಲ್ಲಿದೆ. ಸ್ವೀಡನ್ನಿನ ಸ್ಟೋರ್‌ಷೋನ್‌ನಲ್ಲಿ 1894ರಲ್ಲಿ ಪ್ರಾಣಿಯನ್ನು ಹಿಡಿಯಲೆಂದೇ ಒಂದು ಕಂಪನಿ ಕಟ್ಟಿದರು, ರಾಜ ಎರಡನೇ ಆಸ್ಕರ್‌ನ ಬೆಂಬಲವೂ ಅದಕ್ಕಿತ್ತು. ಆಗ ಮಾಡಿಸಿದ ಕೊಕ್ಕೆಗಳು ಓಸ್ಟರ್‌ಸುಂಡ್ ವಸ್ತುಸಂಗ್ರಹಾಲಯದಲ್ಲಿವೆ. 1986ರಲ್ಲಿ ಅದೇ ಪ್ರಾಣಿಗೆ ಕಾನೂನಿನ ರಕ್ಷಣೆ ಕೊಟ್ಟು, 2005ರಲ್ಲಿ ತೆಗೆದುಹಾಕಿದರು.

ನಮ್ಮ ಕಡೆಯವರಿಗೆ ಮನಸ್ಸಿಗೆ ಹತ್ತಿರವಾಗುವುದು ಓಕನಾಗನ್. 135 ಕಿ.ಮೀ. ಉದ್ದದ ಆ ಸರೋವರದ ಮೂಲನಿವಾಸಿಗಳಾದ ಸೀಲ್ಕ್ಸ್ ಜನರಿಗೆ ಅಲ್ಲಿರುವುದು ರಾಕ್ಷಸ ಪ್ರಾಣಿಯಲ್ಲ, ನೀರಿನ ಪವಿತ್ರ ಶಕ್ತಿ. ದಾಟುವ ಮೊದಲು ಅದಕ್ಕೆ ಕಾಣಿಕೆ ಕೊಡುತ್ತಿದ್ದರು. ವಲಸೆ ಬಂದ ಬಿಳಿಯರು 1920ರ ದಶಕದಲ್ಲಿ ಇಂಗ್ಲಿಷ್ ಹಾಸ್ಯಗೀತೆಯೊಂದರಿಂದ ‘ಓಗೊಪೊಗೊ’ ಎಂಬ ಹೆಸರೆತ್ತಿ ಅಂಟಿಸಿ, ಅದನ್ನು ಪ್ರವಾಸಿಗರ ಗೊಂಬೆಯಾಗಿಸಿದರು. ಆ ಹೆಸರಿನ ಹಕ್ಕು ವರ್ನನ್ ನಗರಾಡಳಿತದ ಕೈಯಲ್ಲಿತ್ತು. 2021ರಲ್ಲಿ ನಗರಸಭೆ ಅದನ್ನು ಓಕನಾಗನ್ ಬುಡಕಟ್ಟುಗಳ ಒಕ್ಕೂಟಕ್ಕೆ ಒಂದು ಡಾಲರಿಗೆ ಬಿಟ್ಟುಕೊಟ್ಟಿತು. ನೂರು ವರ್ಷ ತಡವಾಗಿಯಾದರೂ ಆದ ಒಳ್ಳೆಯ ಕೆಲಸ. ಅನಂತಪುರದಲ್ಲಿ ಮೊಸಳೆಯನ್ನು ಹೀಗೆ ಕಿತ್ತುಕೊಂಡು ಮಾರುವವರು ಬರಲಿಲ್ಲ. ಅದು ಕೊನೆಯವರೆಗೂ ಅದೇ ಸರೋವರದ್ದಾಗಿ, ಅದೇ ಊರಿನವರದ್ದಾಗಿ ಉಳಿಯಿತು.

ನಂಬಿಕೆಯ ಮಿತಿ

ಬಬಿಯಾನ ಸೌಮ್ಯ ಸ್ವಭಾವ ಎಲ್ಲ ಮೊಸಳೆಗಳಿಗೂ ಅನ್ವಯಿಸುವಂಥದ್ದಲ್ಲ. ಉತ್ತರ ಕನ್ನಡದ ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆಯ ಮೇಲೆ ಅದೇ ಜಾತಿಯ ಮೊಸಳೆಗಳು ಬಂಡೆಗಳ ಮೇಲೆ ಬಿಸಿಲು ಕಾಯಿಸುವುದನ್ನು ನೋಡಲು ಜನ ಹೋಗುತ್ತಾರೆ. ಅದೇ ನದಿಯಲ್ಲಿ ಮೀನು ಹಿಡಿಯಲು, ಕೈಕಾಲು ತೊಳೆಯಲು ಇಳಿದವರು ಮೊಸಳೆಗೆ ಬಲಿಯಾಗಿದ್ದಾರೆ. ರಾಯಚೂರು ಕಡೆಯ ಕೃಷ್ಣಾ ತೀರದಲ್ಲೂ ಇಂಥ ದುರಂತಗಳು ನಡೆದಿವೆ. ಊರಿನ ಕಸ, ಕೋಳಿಯಂಗಡಿಯ ತ್ಯಾಜ್ಯ ನದಿಗೆ ಬೀಳುವಲ್ಲಿ ಮೊಸಳೆ ಮನುಷ್ಯನ ದಾರಿಗೆ ಹತ್ತಿರವಾಗುತ್ತದೆ; ಅಪಾಯ ಅಲ್ಲಿ ಹೆಚ್ಚು. ರಂಗನತಿಟ್ಟಿನಲ್ಲಿ ದೋಣಿಯಿಂದ ಕೈ ಹೊರಚಾಚಬೇಡಿ ಎಂದು ಅಂಬಿಗ ಹೇಳುವುದು ಸುಮ್ಮನೆ ಅಲ್ಲ. ಅನಂತಪುರದಲ್ಲಿ ಕೈಯಿಂದ ಉಣಿಸಿದವರು ದಿನವೂ ಆ ಮೊಸಳೆಯೊಂದಿಗೆ ಬಾಳಿದ ಅರ್ಚಕರು, ಅದೂ ನಿಶ್ಚಿತ ಹೊತ್ತಿನಲ್ಲಿ, ನಿಶ್ಚಿತ ಮೆಟ್ಟಿಲಿನಲ್ಲಿ. ಹೊಸ ಮೊಸಳೆಯ ಸ್ವಭಾವ ತಿಳಿಯಲು ವರ್ಷಗಳೇ ಬೇಕು. ಮೊಬೈಲ್ ಹಿಡಿದು ನೀರಿನ ಅಂಚಿಗೆ ಬಾಗುವ ಯಾತ್ರಿಕರು ಅಷ್ಟು ಕಾಲ ದೂರ ನಿಲ್ಲುವುದೇ ಅದಕ್ಕೆ ತೋರಬಹುದಾದ ಭಕ್ತಿ.

ಜವುಗು ಮೊಸಳೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಕೊಲ್ಲುವುದು, ಹಿಡಿಯುವುದು, ಮೊಟ್ಟೆ ತೆಗೆಯುವುದು ಶಿಕ್ಷಾರ್ಹ ಅಪರಾಧ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಹೊಳೆ, ಮದಗ ಅಥವಾ ಬಾವಿಯಲ್ಲಿ ಮೊಸಳೆ ಕಂಡರೆ ಕಲ್ಲೆಸೆಯದೆ, ಸುತ್ತ ಗುಂಪುಗೂಡದೆ, ದನಕರುಗಳನ್ನು ಆಚೆ ಕಟ್ಟಿ, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕು. ಬಲೆ, ಬೋನು ಬಲ್ಲ ಸಿಬ್ಬಂದಿ ಬಂದು ಅದನ್ನು ಹಿಡಿದು, ಜನವಸತಿಯಿಂದ ದೂರದ ನೀರಿಗೆ ಬಿಡುತ್ತಾರೆ.